ಒತ್ತಬ್ಯಾಡ್ರಿ ಕಾಕಾ

ಗೊಬ್ಬರದ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ. ಸೊಸೈಟಿಯ ಗೋದಾಮಿಗೂ ಆಫೀಸಿಗೂ ನಡುವೆ ಒಂದೇ ಗೋಡೆ. ಅದರ ಬಾಗಿಲು ಯಾವತ್ತೂ ಪೂರ್ತಿ ಮುಚ್ಚುವುದಿಲ್ಲ. ಯೂರಿಯಾ, ಡಿಎಪಿ ಚೀಲಗಳ ಘಾಟು ಗಂಟಲಿಗೆ ಹತ್ತಿ ಆಗಾಗ ಕೆಮ್ಮು ಬರುತ್ತಿದೆ. ಸಂಜೆ ಹೊಡೆದ ಮಳೆಗೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಬಂದಿದೆ, ಕಾಲು ಸರಿಸಿದಾಗೆಲ್ಲ ಫರಸಿಯ ಮೇಲೆ ಜಾರುತ್ತದೆ. ಯರಗಟ್ಟಿ ಕಡೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಮುರಗೋಡದ ಪೇಟೆ ಒಂದೊಂದೇ ಶಟರ್ ಎಳೆದುಕೊಳ್ಳುತ್ತಿದೆ. ದುರದುಂಡೀಶ್ವರ ಮಠದ ದಿಕ್ಕಿನಿಂದ ಭಜನೆಯ ತಾಳ, ಗಾಳಿ ಈ ಕಡೆ ತಿರುಗಿದಾಗಷ್ಟೇ ಕೇಳುತ್ತದೆ.

ಸೆಪ್ಟೆಂಬರ್ ತಿಂಗಳು. ಸಹಕಾರ ಸಂಘಗಳಿಗೆಲ್ಲ ವಾರ್ಷಿಕ ಸಭೆಯ ಸುಗ್ಗಿ. ಈ ಸೊಸೈಟಿಯ ಸಭೆ ನಾಳೆ ಮುಂಜಾನೆ. ಸಾವಿರಕ್ಕೂ ಮಿಕ್ಕಿದ ಸದಸ್ಯರ ಯಾದಿ, ಪ್ರತಿ ಹೆಸರಿನ ಮುಂದೆ ಷೇರು, ಅದರ ಮುಂದೆ ಡಿವಿಡೆಂಡ್, ಎಲ್ಲ ಇವತ್ತು ರಾತ್ರಿಯೇ ಅಚ್ಚಾಗಬೇಕು. ಆ ಲೆಕ್ಕ ಹಾಕುವ ಪ್ರೋಗ್ರಾಂ ಬರೆದವರು ನೀವು. ವಿಟಿಯು ಪದವಿ ಕೈಗೆ ಬಂದಿದೆ, ಕೆಲಸ ಇನ್ನೂ ಬಂದಿಲ್ಲ. ಸೆಕ್ರೆಟರಿ ಕಾಕಾ ಅಪ್ಪನ ಗೆಳೆಯರು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮನೆಯಲ್ಲಿ, ನಿಮ್ಮ ಉಬುಂಟು ಲ್ಯಾಪ್‌ಟಾಪ್‌ನಲ್ಲಿ, ಅದು ಒಂದು ಅಕ್ಷರವೂ ತಪ್ಪದೆ ನಡೆದಿದೆ. ಈಗ ಅದು ಪೆನ್ ಡ್ರೈವ್ ಏರಿ ಆಫೀಸಿನ ವಿಂಡೋಸ್ 10 ಯಂತ್ರದ ಮುಂದೆ ಬಂದಿದೆ.

ಮೊದಲ ಸಲ ಒತ್ತಿದಾಗ ಅದು ಎದ್ದೇಳುವುದೇ ಇಲ್ಲ. ಕಪ್ಪು ಪರದೆಯಲ್ಲಿ ಇಂಗ್ಲಿಷಿನ ಉದ್ದ ಸಾಲೊಂದು: ನಿನ್ನ ಕ್ಲಾಸ್ ಕಡತ 61ನೇ ಆವೃತ್ತಿಯದು, ನಾನು ಓದಬಲ್ಲದ್ದು 52ರ ತನಕ. ಇದಕ್ಕೆ ನೀವು ಹೆದರುವುದಿಲ್ಲ. ಜಾವಾ ಕಂಪೈಲರ್ ಹೊರಡಿಸುವ ಪ್ರತಿ ಕಡತವೂ ಕೆಫೆಬೇಬ್ ಎಂದು ಓದಬಹುದಾದ ನಾಲ್ಕು ಬೈಟ್‌ಗಳಿಂದ ಶುರುವಾಗುತ್ತದೆ. ಅದರ ಬೆನ್ನಿಗೇ ಆವೃತ್ತಿಯ ಅಂಕಿ ಇರುತ್ತದೆ. 52 ಎಂದರೆ ಜಾವಾ 8, 2014ರದು. 61 ಎಂದರೆ ಜಾವಾ 17, 2021ರದು. ಆಫೀಸಿನಲ್ಲಿರುವುದು 8, ನಿಮ್ಮಲ್ಲಿರುವುದು 17. ಲ್ಯಾಪ್‌ಟಾಪ್‌ನಲ್ಲಿ ಕಂಪೈಲರ್‌ಗೆ "ರಿಲೀಸ್ 8" ಎಂದು ಹೇಳಿ ಮತ್ತೆ ಕಟ್ಟುತ್ತೀರಿ, ಪೆನ್ ಡ್ರೈವ್ ಬದಲಿಸುತ್ತೀರಿ. ಕಾಕಾ ತರಿಸಿದ ಚಹಾ ಇನ್ನೂ ಆರಿಲ್ಲ. ಇಂಥ ದೋಷ ಒಳ್ಳೆಯದು, ಬಾಗಿಲಲ್ಲೇ ನಿಂತು ಕೂಗುತ್ತದೆ. ಕೂಗದೆ ಒಳಗೆ ಬರುವುದರದೇ ಹೆದರಿಕೆ.

ಎರಡನೇ ಸಲ ಒತ್ತುತ್ತೀರಿ. ಕರ್ಸರ್ ಒಮ್ಮೆ ಮಿಣುಕಿ ಕೆಳಗಿಳಿಯುತ್ತದೆ. ದೋಷವಿಲ್ಲ, ದೂರಿಲ್ಲ. ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡುತ್ತೀರಿ. ನೋಟ್‌ಪ್ಯಾಡ್ ತೆರೆಯುತ್ತದೆ.

ಕನ್ನಡ ಇಲ್ಲ.

ಮೇಲಿಂದ ಕೆಳಗಿನ ತನಕ, ತಲೆಯ ಮೇಲೆ ಓರೆ ಗೀಟು ಹೊತ್ತ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಹತ್ತಿ ಕುಳಿತ ಪುಟ್ಟ 2, ಇಲ್ಲವೇ ಪುಟ್ಟ 3, ನಡುನಡುವೆ ವೃತ್ತದೊಳಗೊಂದು ಆರ್, ದಪ್ಪ ಚುಕ್ಕೆಗಳು, ಪ್ರಶ್ನಾರ್ಥಕ ಚಿಹ್ನೆಗಳು. ಡಿವಿಡೆಂಡಿನ ಅಂಕಿಗಳು ಮಾತ್ರ ಸರಿಯಾಗಿ ನಿಂತಿವೆ. ಯಾರ ಹೆಸರಿನ ಮುಂದೆ ಎಂದು ಗೊತ್ತಾಗುವುದಿಲ್ಲ.

"ತಮ್ಮಾ, ಇದೇನೋ? ಕನ್ನಡ ಎಲ್ಲಿ ಹೋತು?"

"ನನ್ನ ಲ್ಯಾಪ್‌ಟಾಪಿನ್ಯಾಗ ಬರೋಬ್ಬರಿ ಬಂದಿತ್ರಿ ಕಾಕಾ."

"ನಿನ್ನ ಲ್ಯಾಪ್‌ಟಾಪಿನ್ಯಾಗ ಬಂದ್ರ ಏನ್ ಮಾಡೂದು? ನಾಳೆ ಸಭಾ ಇಲ್ಲೈತಿ." ಅವರು ಕನ್ನಡಕ ಹಣೆಗೇರಿಸಿ ಪರದೆಗೆ ಮುಖ ತರುತ್ತಾರೆ. ತಂಬಾಕಿನ ವಾಸನೆ ನಿಮ್ಮ ಭುಜ ದಾಟಿ ಬರುತ್ತದೆ. ಅವರ ತೋರುಬೆರಳು ಎಂಟರ್ ಕೀಲಿಯ ಮೇಲೆ ಬಂದು ನಿಲ್ಲುತ್ತದೆ. "ಹೊಳ್ಳಿ ಒಮ್ಮೆ ಒತ್ತಲೇನ?"

"ಒತ್ತಬ್ಯಾಡ್ರಿ ಕಾಕಾ!"

ನಿಮ್ಮ ದನಿ ನಿಮಗೇ ದೊಡ್ಡದಾಯಿತು ಅನಿಸುತ್ತದೆ. ಗೋದಾಮಿನ ಬಾಗಿಲಲ್ಲಿ ಕೂತ ಸಿಪಾಯಿ ಎದ್ದು ಇಣುಕುತ್ತಾನೆ. ಕಾಕಾ ಬೆರಳು ಹಿಂತೆಗೆದುಕೊಂಡಿದ್ದಾರೆ. ಕಿವಿಯ ಹಿಂದೆ ಬೆವರು ಇಳಿಯುವುದು ನಿಮಗೆ ತಿಳಿಯುತ್ತದೆ, ಏಕೆಂದರೆ ಈಗ ನೆನಪಾಗಿದೆ: ನಿಮ್ಮ ಪ್ರೋಗ್ರಾಂ ಯಾದಿಯನ್ನು ಓದಿ ಲೆಕ್ಕ ಹಾಕಿ ಅದೇ ಕಡತದ ಮೇಲೆಯೇ ತಿರುಗಿ ಬರೆಯುತ್ತದೆ. ಬೇರೆ ಹೆಸರು ಕೊಡುವುದಿಲ್ಲ, ನಕಲು ಇಡುವುದಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಪ್ರತಿಯಿದೆ, ನಿಜ. ಅದು ಹೋದ ವಾರದ್ದು. ಅದಾದ ಮೇಲೆ ಕಾಕಾ ದಿನಾ ಕೂತು ತಿದ್ದಿದ್ದಾರೆ: ತೀರಿಕೊಂಡವರ ವಾರಸಾ ಹೆಸರು, ಮದುವೆಯಾಗಿ ಅಡ್ಡಹೆಸರು ಬದಲಾದವರು, ಹೊಸದಾಗಿ ಷೇರು ಕೊಂಡವರು. ಆ ಅರ್ಜಿ, ಚೀಟಿ, ಮರಣಪತ್ರದ ನಕಲುಗಳು ಕಪಾಟಿನ ಮೇಲೆ ದಾರ ಕಟ್ಟಿದ ಗಂಟಾಗಿ ಕೂತಿವೆ. ಅಷ್ಟನ್ನೂ ಮತ್ತೆ ಹೊಡೆಯಲು ಒಂದು ರಾತ್ರಿ ಸಾಲದು.

ಕೆಟ್ಟ ಕಡತವನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳುತ್ತೀರಿ, ಮೂಲವನ್ನು ಮುಟ್ಟದೆ. ಮುಂದೆ ಏನೇ ಮಾಡಿದರೂ ಈ ನಕಲಿನ ಮೇಲೆಯೇ. ಲ್ಯಾಪ್‌ಟಾಪ್‌ಗೆ ಚುಚ್ಚಿ ತೆರೆಯುತ್ತೀರಿ.

ಕನ್ನಡ ಬರುತ್ತದೆ! ಗೌಡ, ಪಾಟೀಲ, ಬಡಿಗೇರ, ಸಾಲು ಸಾಲಾಗಿ. ಎದೆಯೊಳಗೆ ಹಿಡಿದಿದ್ದ ಉಸಿರು ಹೊರಗೆ ಹೋಗುತ್ತದೆ. ಕಾಕಾ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ಆಮೇಲೆ ಅವರೇ ಪರದೆಗೆ ಉಗುರು ತಾಗಿಸಿ ಕೇಳುತ್ತಾರೆ, "ಇದು ಬಸಪ್ಪ ಅಲ್ಲೇನೋ? ಒತ್ತು ಎಲ್ಲೈತಿ?"

ಬಸಪ್ಪನ ಎರಡು ಪಕಾರಗಳ ನಡುವೆ ಒಂದು ಕಪ್ಪು ಹರಳು, ಅದರೊಳಗೊಂದು ಬಿಳಿ ಪ್ರಶ್ನಾರ್ಥಕ. ಅದರ ಮಗ್ಗುಲಿಗೆ ಇನ್ನೊಂದು ಬರಿಯ ಪ್ರಶ್ನಾರ್ಥಕ. ಮಲ್ಲವ್ವನ ಲಕಾರಗಳ ನಡುವೆಯೂ ಅದೇ, ವಕಾರಗಳ ನಡುವೆಯೂ ಅದೇ. ವಿಳಾಸದ ಕಾಲಂಗೆ ಬನ್ನಿ. ಪ್ರತಿ ಸಾಲಿನಲ್ಲೂ ಮುರಗೋಡ ಇದೆ, ಪ್ರತಿ ಸಾಲಿನಲ್ಲೂ ಮಕಾರದ ಕೊಂಬು ಕಿತ್ತು ಹೋಗಿದೆ. ಉಳಿದ ಅಕ್ಷರ, ಇಳಿ, ದೀರ್ಘ, ಸೊನ್ನೆ ಎಲ್ಲ ಗಟ್ಟಿಯಾಗಿವೆ. ಯಾರೋ ಆರಿಸಿ ಆರಿಸಿ ಒತ್ತಕ್ಷರವನ್ನೂ ಉಕಾರದ ಕೊಂಬನ್ನೂ ಮಾತ್ರ ತಿಂದಿದ್ದಾರೆ.

ಹೊಟ್ಟೆಯೊಳಗೆ ಏನೋ ಕುಸಿದಂತಾಗುತ್ತದೆ. ಎಲ್ಲವೂ ಕೆಟ್ಟಿದ್ದರೆ ಹಿಂದಕ್ಕೆ ತಿರುಗಿಸುವ ದಾರಿ ಇರುತ್ತದೆ. ಆರಿಸಿ ಕೆಟ್ಟದ್ದು ಎಂದರೆ ಏನೋ ಕಳೆದೇ ಹೋಗಿದೆ.

ಕಡತವನ್ನು ಬೈಟ್‌ಗಳಾಗಿ ಸುರಿಯುವ ಆದೇಶ ಕೊಡುತ್ತೀರಿ. ಈಗ ಪರದೆಯ ಮೇಲಿರುವುದು ಅಂಕಿ ಮಾತ್ರ, ಅದನ್ನೇ ಓದಬೇಕು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಇದೆ. ಯುಟಿಎಫ್-8 ಕ್ರಮ ಅದನ್ನು 3 ಬೈಟ್‌ಗಳಲ್ಲಿ ಬರೆಯುತ್ತದೆ. ಮುರಗೋಡ ಎಂದರೆ ಮ, ಉಕಾರದ ಕೊಂಬು, ರ, ಗ, ಓತ್ವ, ಡ. 6 ಚಿಹ್ನೆ, 18 ಬೈಟ್. ಮೊದಲ ಮೂರು ಇ0, ಬಿ2, ಎಇ. ಇದು ಮ, ಸರಿ. ಮುಂದಿನ ಮೂರು ಇ0, ಬಿ3, 81 ಇರಬೇಕು, ಅದು ಉಕಾರ. ಅಲ್ಲಿರುವುದು ಇ0, ಬಿ3, 3ಎಫ್. 3ಎಫ್ ಎಂದರೆ ಪ್ರಶ್ನಾರ್ಥಕ ಚಿಹ್ನೆ.

ಬಸಪ್ಪನಿಗೆ ಇಳಿಯುತ್ತೀರಿ. ಅರ್ಧಾಕ್ಷರ ಮಾಡುವ ವಿರಾಮ ಇ0, ಬಿ3, 8ಡಿ ಆಗಿರಬೇಕು. ಅಲ್ಲಿಯೂ ಇ0, ಬಿ3, 3ಎಫ್.

ಈಗ ಕಳ್ಳ ಕಾಣುತ್ತಾನೆ. ಆಫೀಸಿನ ಯಂತ್ರ ನಿಮ್ಮ ಪ್ರೋಗ್ರಾಂಗೆ ಯಾವ ಲಿಪಿಕ್ರಮದಲ್ಲಿ ಓದಬೇಕೆಂದು ಹೇಳಿತು? ನೀವು ಹೇಳಿರಲಿಲ್ಲ. ನೀವು ಹೇಳದಿದ್ದರೆ ಜಾವಾ 8 ಯಂತ್ರವನ್ನು ಕೇಳುತ್ತದೆ. ಉಬುಂಟು ಯುಟಿಎಫ್-8 ಎನ್ನುತ್ತದೆ. ಇಂಗ್ಲಿಷ್ ಸೆಟ್ಟಿಂಗಿನ ವಿಂಡೋಸ್ 1252 ಎನ್ನುತ್ತದೆ. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಆ ಪಟ್ಟಿಯಲ್ಲಿ ಒಂದು ಬೈಟ್‌ಗೆ ಒಂದೇ ಅಕ್ಷರ, ಒಟ್ಟು 256 ಆಸನ. ಅದರಲ್ಲಿ ಐದು ಖಾಲಿ: 81, 8ಡಿ, 8ಎಫ್, 90, 9ಡಿ. ಖಾಲಿ ಆಸನದ ಬೈಟ್ ಬಂದರೆ ಓದುವಾಗ ಜಾವಾ ಅದನ್ನು "ಗೊತ್ತಿಲ್ಲ" ಎಂದು ಬದಿಗಿಟ್ಟು, ಬರೆಯುವಾಗ ಪ್ರಶ್ನಾರ್ಥಕ ಹಾಕಿ ಮುಂದೆ ಹೋಗುತ್ತದೆ. ಉಕಾರದ ಕೊನೆಯ ಬೈಟ್ 81. ವಿರಾಮದ ಕೊನೆಯ ಬೈಟ್ 8ಡಿ. ಏ, ಐ, ಝ ಅಕ್ಷರಗಳ ಕೊನೆಯ ಬೈಟ್‌ಗಳು ಉಳಿದ ಮೂರು ಖಾಲಿ ಆಸನಗಳಿಗೆ ಹೋಗಿ ಬೀಳುತ್ತವೆ. ಕನ್ನಡ ಓದಲು ಯಾವುದಿಲ್ಲದೆ ನಡೆಯದೋ ಅದೇ ಹೋಗಿದೆ.

ಹಳೆಯ ನುಡಿ ಕಡತಗಳನ್ನು ಬಲ್ಲವರಿಗೆ ಇದು ಬೇರೆ ಬಗೆಯ ಕಾಟ ಎಂದು ಗೊತ್ತಾಗುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಬರೀ ಇಂಗ್ಲಿಷ್ ಕಲಸುಮೇಲೋಗರ; ಫಾಂಟ್ ಹಾಕಿದೊಡನೆ ಕನ್ನಡ ಮರಳಿ ಬರುತ್ತಿತ್ತು. ಬೈಟ್‌ಗೆ ಏನೂ ಆಗಿರುತ್ತಿರಲಿಲ್ಲ. ಇಲ್ಲಿ ಬೈಟೇ ಹೋಗಿದೆ. ಉಕಾರವೂ ವಿರಾಮವೂ ಒಂದೇ ಗುರುತಾಗಿ ನಿಂತಿವೆ. ಯಾವುದು ಯಾವುದಾಗಿತ್ತೆಂದು ಹೇಳಲು ಕಡತದಲ್ಲಿ ಸಾಕ್ಷಿಯೇ ಇಲ್ಲ.

"ಮಾತಾಡೋ ತಮ್ಮಾ. ಸುಮ್ನ ಕುಂತ್ರ ನನ್ನ ಎದಿ ಹೊಡಕೊಳ್ತೈತಿ."

ಒಂದು ಯುಕ್ತಿ ಹೊಳೆಯುತ್ತದೆ. ಈ ಸೀಮೆಯ ಹೆಸರುಗಳೇ ಅದನ್ನು ಕೊಡುತ್ತವೆ: ಕಲ್ಲಪ್ಪ, ಮಲ್ಲಪ್ಪ, ಯಲ್ಲವ್ವ, ಚನ್ನಮ್ಮ. ತೂತಿನ ಎರಡೂ ಬದಿಗೆ ಒಂದೇ ವ್ಯಂಜನವಿದ್ದರೆ ಅಲ್ಲಿದ್ದದ್ದು ಬಹುಪಾಲು ಒತ್ತೇ. ಆ ನಿಯಮ ಬರೆದು ನಕಲಿನ ಮೇಲೆ ಓಡಿಸುತ್ತೀರಿ. ಅಪ್ಪಂದಿರು, ಅವ್ವಂದಿರು ಸರಸರನೆ ಎದ್ದು ಕೂರುತ್ತಾರೆ. ಕಾಕಾ ತೊಡೆ ತಟ್ಟುತ್ತಾರೆ. ಆದರೆ ರುದ್ರಪ್ಪನ ಬಳಿ ಕೈ ನಿಲ್ಲುತ್ತದೆ. ಅವನಲ್ಲಿ ಮೂರು ತೂತು: ಒಂದು ಉಕಾರ, ಎರಡು ಒತ್ತು. ಕೊನೆಯದು ತುಂಬಿದೆ, ಮೊದಲೆರಡು ಅದಲುಬದಲಾದರೆ ಬಾಯಲ್ಲಿ ನಿಲ್ಲದ ಹೆಸರು. ಅದಾದರೂ ಕಣ್ಣಿಗೆ ಕಾಣುವ ತಪ್ಪು. ಹನುಮಂತನನ್ನು ಹನ್ಮಂತ ಎಂದು ಬರೆಸಿದವರೂ ಇದ್ದಾರೆ. ಮನೆಯಲ್ಲಿ ಬಸು ಎಂದು ಕರೆಯುವುದನ್ನೇ ದಾಖಲೆಗೂ ಕೊಟ್ಟವರಿದ್ದಾರೆ. ಯಂತ್ರ ಅವರನ್ನು ಬಸ್ ಮಾಡಿ ನಿಲ್ಲಿಸಿದರೆ ತಡೆಯುವವರಿಲ್ಲ. ನಾಳೆ ಸಭೆಯಲ್ಲಿ ಒಬ್ಬರು ನಕ್ಕರೆ ಅದು ನಗೆ. ಬ್ಯಾಂಕಿನ ಖಾತೆಯ ಹೆಸರಿಗೂ ಯಾದಿಯ ಹೆಸರಿಗೂ ಒಂದು ಕೊಂಬು ತಪ್ಪಿ ಡಿವಿಡೆಂಡ್ ನಿಂತರೆ ಅದು ನಗೆಯಲ್ಲ.

ಹಾಗಿದ್ದರೆ ಷೇರು ರಜಿಸ್ಟರ್. ಕಪಾಟಿನಿಂದ ಕಾಕಾ ಅದನ್ನು ಎರಡೂ ಕೈಯಿಂದ ಇಳಿಸಿ ಮೇಜಿನ ಮೇಲೆ ಹಾಕುತ್ತಾರೆ. ಧೂಳು ಏಳುತ್ತದೆ, ಹಳೆಯ ಕಾಗದದ ಹುಳಿ ವಾಸನೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದ ಈ ಭಾಗದ ಸೊಸೈಟಿಗಳು ಶಾಯಿಯಲ್ಲಿ ಹೆಸರು ಬರೆಯುತ್ತ ಬಂದಿವೆ. ಶಾಯಿ ಹರಡೀತು, ಗೆದ್ದಲು ತಿಂದೀತು. ಒತ್ತಕ್ಷರವನ್ನಷ್ಟೇ ಆರಿಸಿ ಅಳಿಸಿದ್ದಿಲ್ಲ. ಒಂದೊಂದೇ ಹೆಸರು ಓದಿ ಹೇಳುತ್ತೇನೆ, ನೀನು ತುಂಬು ಎನ್ನುತ್ತಾರೆ ಕಾಕಾ. ಎಷ್ಟು ಹೊತ್ತಿಗೆ ಮುಗಿದೀತು? ಸಾವಿರ ಸಾಲು. ಕಣ್ಣು ಉರಿಯುತ್ತಿದೆ. ಮೊದಲ ಪುಟ ತಿರುವುತ್ತ ಅವರು ಗೊಣಗುತ್ತಾರೆ, "ಎಲ್ಲಾ ತಿದ್ದಿ ಸೇವ್ ಮಾಡಿ ಹಾಂಗ ಇಟ್ಟಿದ್ನೆಪಾ. ಮುಚ್ಚಿದ್ದೂ ಇಲ್ಲ."

"ಏನ್ ಮುಚ್ಚಿಲ್ರಿ?"

"ಅದ, ತಿದ್ದೂ ಕಿಡಕಿ. ಮುಚ್ಚಿದ್ರ ಮತ್ತ ತಗಿಯಾಕ ಹುಡುಕಬೇಕಲ್ಲ, ಕೆಳಗ ಇಳಿಸಿಟ್ಟಿದ್ದೆ."

ನೀವು ಎದ್ದಿದ್ದೀರಿ; ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಆಮೇಲೆ ಕೇಳುತ್ತದೆ. ಆಫೀಸಿನ ಯಂತ್ರದ ಕೆಳಪಟ್ಟಿಯಲ್ಲಿ ನೋಟ್‌ಪ್ಯಾಡಿನ ಚಿತ್ರ ಒಂದೇ ಇದೆ. ಅದರ ಮೇಲೆ ಮೌಸ್ ತಂದರೆ ಎರಡು ಪುಟ್ಟ ಕಿಟಕಿಗಳು ಏಳುತ್ತವೆ, ಎರಡಕ್ಕೂ ಒಂದೇ ಹೆಸರು. ಒಂದು ನೀವು ಈಗ ತೆರೆದದ್ದು. ಇನ್ನೊಂದು ಸಂಜೆಯಿಂದ ಅಲ್ಲೇ ಇದೆ. ನೋಟ್‌ಪ್ಯಾಡ್ ಕಡತವನ್ನು ಒಮ್ಮೆ ಓದಿ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ, ಬೀಗ ಹಾಕುವುದಿಲ್ಲ. ಬೀಗ ಹಾಕಿದ್ದರೆ ನಿಮ್ಮ ಪ್ರೋಗ್ರಾಂಗೆ ಬರೆಯಲಾಗುತ್ತಲೇ ಇರಲಿಲ್ಲ. ಡಿಸ್ಕಿನ ಮೇಲಿನ ಕಡತ ಹಾಳಾಗಿದ್ದರೂ ಆ ಕಿಟಕಿಯೊಳಗೆ ಸಂಜೆಯ ಯಾದಿ ಇನ್ನೂ ಪೂರ್ತಿ ಇದೆ. ಜಗತ್ತಿನಲ್ಲಿ ಅದೊಂದೇ ಪ್ರತಿ, ಅದೂ ಕರೆಂಟ್ ಇರುವ ತನಕ.

ಕರೆಂಟ್ ಹೋಗುತ್ತದೆ.

ಫ್ಯಾನ್ ನಿಲ್ಲುತ್ತದೆ. ಟ್ಯೂಬ್‌ಲೈಟ್ ಆರುತ್ತದೆ. ಭಜನೆಯ ಮೈಕೂ ನಿಂತಿದೆ. ಕತ್ತಲೆಯಲ್ಲಿ ಎರಡು ಪರದೆಗಳು ಉರಿಯುತ್ತಿವೆ, ಮೇಜಿನ ಕೆಳಗೆ ಯುಪಿಎಸ್ ಬೀಪ್ ಎನ್ನುತ್ತದೆ.

"ಎಷ್ಟೊತ್ತು ಬರತೈತ್ರಿ ಇದು?"

"ಮದಲ ಬರ್ತಿತ್ತು. ಈಗ ನಂಬಾಂಗಿಲ್ಲ."

ಬೀಪ್. ಮೌಸ್ ಹಳೆಯದು, ಬಟನ್ ಒಮ್ಮೆ ಒತ್ತಿದರೆ ಕೆಲವು ಸಲ ಎರಡಾಗುತ್ತದೆ. ಪುಟ್ಟ ಕಿಟಕಿಯ ಮೇಲೆ ಬಾಣ ತಂದೊಡನೆ ಅದರ ಮೂಲೆಯಲ್ಲಿ ಕತ್ತರಿಗುರುತು ಏಳುತ್ತದೆ. ಕೈ ಒಂದು ಬೆರಳಗಲ ಜಾರಿದರೆ ತೆರೆಯುವ ಬದಲು ಮುಚ್ಚುತ್ತದೆ. ಮಣಿಕಟ್ಟನ್ನು ಮೇಜಿನ ಅಂಚಿಗೆ ಊರುತ್ತೀರಿ. ಎಡದ್ದೋ ಬಲದ್ದೋ? ಬೀಪ್. ಎಡದ್ದನ್ನು ಒತ್ತುತ್ತೀರಿ, ನಡುವಿನಲ್ಲಿ, ಮೂಲೆಯಿಂದ ದೂರ.

ಕನ್ನಡ. ಬಸಪ್ಪನಿಗೆ ಒತ್ತಿದೆ. ಮುರಗೋಡಕ್ಕೆ ಕೊಂಬಿದೆ. ಕಿಟಕಿಯ ಕೆಳಗೆ ಬಲಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ಯುಟಿಎಫ್-8 ಎಂದಿದೆ. ಇನ್ನೊಂದು ಕಿಟಕಿಯ ಅದೇ ಮೂಲೆಯಲ್ಲಿ ಆನ್ಸಿ, ಅಂದರೆ ಅದೇ 1252, ಎಂದಿರುತ್ತದೆ. ಆಗಲೇ ಅಲ್ಲಿ ಕಣ್ಣು ಹಾಯಿಸಿದ್ದರೆ ಅರ್ಧ ತಾಸು ಉಳಿಯುತ್ತಿತ್ತು.

ಬೀಪ್, ಬೀಪ್. ಸದ್ದಿನ ನಡುವಿನ ಬಿಡುವು ಕಿರಿದಾಗಿದೆ. ಕಾಕಾ ಮೊಬೈಲ್ ಬ್ಯಾಟರಿ ಹಿಡಿದಿದ್ದಾರೆ, ಅವರ ಕೈ ನಡುಗುವುದು ಕೀಲಿಗಳ ಮೇಲಿನ ಬೆಳಕಿನಲ್ಲಿ ಕಾಣುತ್ತದೆ. ಪೆನ್ ಡ್ರೈವ್ ಲ್ಯಾಪ್‌ಟಾಪ್‌ನಲ್ಲೇ ಉಳಿದಿದೆ! ಕೀಳುತ್ತೀರಿ, ಕತ್ತಲಲ್ಲಿ ಆಫೀಸಿನ ಯಂತ್ರದ ತೂತು ತಡಕುತ್ತೀರಿ, ತಿರುವುಮುರುವಾಗಿ ಹಿಡಿದಿದ್ದೀರಿ, ತಿರುಗಿಸುತ್ತೀರಿ, ಒಳಗೆ ಹೋಗುತ್ತದೆ. ಫೈಲ್. ಸೇವ್ ಆ್ಯಸ್. ಹಳೆಯ ಹೆಸರು ಬೇಡ, ಹಳೆಯ ಜಾಗ ಬೇಡ. ಪೆನ್ ಡ್ರೈವ್ ಆರಿಸುತ್ತೀರಿ, ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸುತ್ತೀರಿ. ಕೆಳಗೆ ಎನ್‌ಕೋಡಿಂಗ್ ಎಂಬ ಪುಟ್ಟ ಪೆಟ್ಟಿಗೆ. ಅದನ್ನು ನೋಡದೆ ಒತ್ತಬಹುದು. ಬೀಪ್ ಬೀಪ್ ಬೀಪ್. ನೋಡುತ್ತೀರಿ. ಅಲ್ಲಿ ಆನ್ಸಿ ಇದ್ದು ನೀವು ಒತ್ತಿದ್ದರೆ ಕನ್ನಡದ ಪ್ರತಿ ಚಿಹ್ನೆಯೂ ಪ್ರಶ್ನಾರ್ಥಕವಾಗುತ್ತಿತ್ತು. ಯುಟಿಎಫ್-8 ಇದೆ. ಒತ್ತುತ್ತೀರಿ.

ಪೆನ್ ಡ್ರೈವಿನ ನೀಲಿ ದೀಪ ಪಟಪಟ ಮಿಣುಕುತ್ತದೆ. ನಿಲ್ಲುತ್ತದೆ. ಕೀಳಲೇ? ಇನ್ನೊಮ್ಮೆ ಮಿಣುಕುತ್ತದೆ, ನಿಲ್ಲುತ್ತದೆ. ಕೀಳುತ್ತೀರಿ.

ಯುಪಿಎಸ್ ಒಂದೇ ಉದ್ದ ಕೂಗು ಹಾಕಿ ಆರುತ್ತದೆ. ಆಫೀಸಿನ ಪರದೆ ಕಪ್ಪಾಗುತ್ತದೆ.

ಲ್ಯಾಪ್‌ಟಾಪ್‌ನ ಬೆಳಕಿನಲ್ಲಿ ಮೂವರ ಮುಖ. ಸಿಪಾಯಿ ಯಾವಾಗ ಒಳಗೆ ಬಂದನೋ. ಕಡತ ತೆರೆಯುತ್ತದೆ, ಮೊದಲ ಸದಸ್ಯನಿಂದ ಕೊನೆಯ ಸದಸ್ಯನ ತನಕ ಉರುಳಿಸುತ್ತೀರಿ, ಪ್ರಶ್ನಾರ್ಥಕ ಚಿಹ್ನೆ ಎಲ್ಲಾದರೂ ಇದೆಯೇ ಎಂದು ಹುಡುಕಿಸುತ್ತೀರಿ. ಒಂದೂ ಇಲ್ಲ. ಕಾಕಾ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಎಲೆಯಡಿಕೆ ಚೀಲ ಬಿಚ್ಚಿ ಸುಣ್ಣದ ಡಬ್ಬಿ ಹುಡುಕುತ್ತಾರೆ.

ಹೆದರಿಕೆ ಇಳಿದ ಮೇಲೆ ಉಳಿಯುವುದು ಕೆಲಸ. ಕರೆಂಟ್ ಬರುವ ತನಕ ಪ್ರೋಗ್ರಾಂ ತಿದ್ದಬೇಕು. ಸುಲಭದ ದಾರಿಯೊಂದಿದೆ: ಓಡಿಸುವ ಆದೇಶದಲ್ಲೇ ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸಿಬಿಡುವುದು. ಜಾವಾ 8ರಲ್ಲಿ ನಡೆಯುತ್ತದೆ, ಇವತ್ತಿನ ರಾತ್ರಿ ಕಳೆಯುತ್ತದೆ. ಮುಂದಿನ ವರ್ಷ ಕಾಕಾ ಆ ಆದೇಶವನ್ನು ಮರೆತು ನೇರ ಕ್ಲಿಕ್ ಮಾಡಿದರೆ? ನೀವು ಬೆಂಗಳೂರಿನಲ್ಲಿರುತ್ತೀರಿ. ಕೋಡ್ ಒಳಗೇ ಬರೆಯುವುದು ಸರಿ ಎಂದು ತೀರ್ಮಾನಿಸುತ್ತೀರಿ. ಫೈಲ್ ರೀಡರ್‌ಗೆ ಲಿಪಿಕ್ರಮ ಕೊಡೋಣವೆಂದರೆ ಕಂಪೈಲರ್ ಬೇಡವೆನ್ನುತ್ತದೆ. ಆ ಸೌಕರ್ಯ ಬಂದದ್ದು ಜಾವಾ 11ರಲ್ಲಿ. ಫೈಲ್ಸ್ ವರ್ಗದ ನ್ಯೂ ಬಫರ್ಡ್ ರೀಡರ್ ಹಿಡಿಯುತ್ತೀರಿ, ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳುತ್ತೀರಿ. ಇದಕ್ಕೆ ಇನ್ನೊಂದು ಗುಣವಿದೆ. ಓದಲಾಗದ ಬೈಟ್ ಬಂದರೆ ಪ್ರಶ್ನಾರ್ಥಕ ತುಂಬಿ ನುಂಗಿಕೊಳ್ಳುವುದಿಲ್ಲ. ಅಲ್ಲೇ ದೋಷ ಎಸೆದು ನಿಲ್ಲುತ್ತದೆ. ನನ್ನನ್ನು ಕೇಳಿದರೆ ಜಾವಾದ ಹಳೆಯ ರೀಡರ್‌ಗಳ ದೊಡ್ಡ ಪಾಪ ತಪ್ಪು ಓದಿದ್ದಲ್ಲ, ತಪ್ಪು ಓದಿ ಸುಮ್ಮನಿದ್ದದ್ದು.

ಇನ್ನೊಂದು ತಿದ್ದುಪಡಿಗೆ ಒಂದು ಸಾಲು ಸಾಕು: ಫಲಿತಾಂಶ ಬೇರೆ ಕಡತಕ್ಕೆ.

ಹನ್ನೊಂದರ ಸುಮಾರಿಗೆ ಫ್ಯಾನ್ ತಿರುಗುತ್ತದೆ. ಎರಡೂ ಯಂತ್ರಗಳಲ್ಲಿ ಪ್ರೋಗ್ರಾಂ ಓಡಿಸುತ್ತೀರಿ. ಎರಡರಲ್ಲೂ ಹೆಸರು ಸರಿ, ಅಂಕಿ ಸರಿ. ಕಣ್ಣನ್ನು ನಂಬದೆ ಎರಡೂ ಕಡತಗಳ ಗಾತ್ರ ನೋಡುತ್ತೀರಿ. ಬೇರೆ ಬೇರೆ! ಬೆನ್ನು ಮತ್ತೆ ತಣ್ಣಗಾಗುತ್ತದೆ. ವಿಂಡೋಸಿನದು ದೊಡ್ಡದು, ಸಾಲಿಗೆ ಒಂದೇ ಬೈಟ್‌ನಷ್ಟು. ಸಾಲಿಗೆ ಒಂದು ಎಂದೊಡನೆ ನಗು ಬರುತ್ತದೆ: ಸಾಲು ಮುಗಿಸಲು ವಿಂಡೋಸ್ ಎರಡು ಬೈಟ್ ಹಾಕುತ್ತದೆ, ಲಿನಕ್ಸ್ ಒಂದು. ಅದನ್ನೂ ನೀವು ಹೇಳಿರಲಿಲ್ಲ, ಯಂತ್ರವೇ ಆರಿಸಿಕೊಂಡಿತು. ಅದನ್ನೂ ಕೋಡಿನಲ್ಲಿ ಗಟ್ಟಿ ಮಾಡುತ್ತೀರಿ. ಈಗ ಎರಡೂ ಬೈಟಿಗೆ ಬೈಟ್ ಒಂದೇ. ಪ್ರಿಂಟರ್ ಕಿರುಗುಟ್ಟಿ ಮೊದಲ ಹಾಳೆ ಎಳೆದುಕೊಳ್ಳುತ್ತದೆ. ಬಿಸಿ ಶಾಯಿಯ ವಾಸನೆ ಗೊಬ್ಬರದ ಘಾಟನ್ನು ಸ್ವಲ್ಪ ಹೊತ್ತು ಮರೆಸುತ್ತದೆ.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಹೊರತಂದಾಗ ಮಾರಿದ ಮಾತು, ಒಮ್ಮೆ ಬರೆಯಿರಿ, ಎಲ್ಲಿ ಬೇಕಾದರೂ ಓಡಿಸಿ ಎಂದು. ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಜೊತೆಯವರು ಆ ಮಾತನ್ನು ಬೈಟ್‌ಕೋಡ್‌ನ ಮಟ್ಟಿಗೆ ಉಳಿಸಿಕೊಂಡರು. ಕೂಡು, ಕಳೆ, ಗುಣಿಸು ಎಲ್ಲ ಯಂತ್ರದಲ್ಲೂ ಒಂದೇ. ಈ ರಾತ್ರಿಯೂ ಡಿವಿಡೆಂಡಿನ ಅಂಕಿ ಒಂದೂ ಕೆಡಲಿಲ್ಲ. ಕೆಟ್ಟದ್ದು ಪ್ರೋಗ್ರಾಂ ಹೊರಗಿನ ಲೋಕವನ್ನು ಮುಟ್ಟುವ ಜಾಗ: ಕಡತದ ಲಿಪಿ, ಸಾಲಿನ ಕೊನೆ. ಇನ್ನೊಂದು ಆಫೀಸಿನಲ್ಲಿ ಅದು ಗಡಿಯಾರದ ವಲಯವಾಗಿರಬಹುದು, ದಿನಾಂಕ ಬರೆಯುವ ರೀತಿಯಾಗಿರಬಹುದು, ಕಡತದ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ಭೇದವಾಗಿರಬಹುದು. ಆ ಭೇದ ವಿಂಡೋಸಿಗೆ ಲೆಕ್ಕಕ್ಕಿಲ್ಲ, ಲಿನಕ್ಸ್ ಬಿಡುವುದಿಲ್ಲ.

2022ರ ಮಾರ್ಚ್‌ನಲ್ಲಿ ಬಂದ ಜಾವಾ 18ರಿಂದ, ನೀವು ಏನೂ ಹೇಳದಿದ್ದರೂ ಕಡತ ಓದುವ ಕ್ರಮ ಎಲ್ಲ ಯಂತ್ರಗಳಲ್ಲೂ ಯುಟಿಎಫ್-8. ಆದರೆ ತಾಲೂಕಿನ ಆಫೀಸುಗಳಲ್ಲಿ, ಸೊಸೈಟಿಗಳಲ್ಲಿ ಒಮ್ಮೆ ಹಾಕಿದ ಜಾವಾ 8 ಯಂತ್ರ ಸಾಯುವ ತನಕ ಇರುತ್ತದೆ. ಆದ್ದರಿಂದ ನಿಮ್ಮ ಪ್ರೋಗ್ರಾಂ ಇಲ್ಲೊಂಥರ ಅಲ್ಲೊಂಥರ ನಡೆದರೆ ಎರಡನೇ ಸಲ ಒತ್ತುವ ಮೊದಲು ಕಡತದ ನಕಲು ತೆಗೆದಿಡಿ. ಆಮೇಲೆ ಎರಡೂ ಯಂತ್ರಗಳಲ್ಲಿ ಜಾವಾಕ್ಕೆ ಎಕ್ಸ್ ಶೋ ಸೆಟ್ಟಿಂಗ್ಸ್ ಎಂಬ ಆಯ್ಕೆ ಕೊಟ್ಟು ಓಡಿಸಿ. ಆವೃತ್ತಿ, ಭಾಷೆ, ಫೈಲ್ ಎನ್‌ಕೋಡಿಂಗ್, ಸಾಲಿನ ಕೊನೆ ಎಲ್ಲ ಪರದೆಯ ಮೇಲೆ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ. ವ್ಯತ್ಯಾಸ ಬಹುತೇಕ ಅಲ್ಲೇ ಸಿಗುತ್ತದೆ.